ಫೋಟೋ ಬದಲಾಗಬೇಕಾದದ್ದು ತಾಳಕ್ಕೆ

ಮದುವೆ ಫೋಟೋಗಳನ್ನು ಹಾಡಿಗೆ ಜೋಡಿಸಿ ವಿಡಿಯೋ ಮಾಡುವಾಗ ಪ್ರತಿ ಫೋಟೋಗೂ 5 ಸೆಕೆಂಡ್ ಕೊಟ್ಟುಬಿಡುವುದು ಸುಲಭ. ಆದರೆ ಕೇಳುವ ಕಿವಿಗೆ ಸೆಕೆಂಡಿನ ಹಂಗಿಲ್ಲ. ಅದು ತಾಳ ಹಿಡಿದೇ ಮುಂದಿನ ಬದಲಾವಣೆಗೆ ಕಾಯುತ್ತದೆ. ನಿಮಿಷಕ್ಕೆ 100 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ 0.6 ಸೆಕೆಂಡ್. 5 ಸೆಕೆಂಡ್ ಎಂದರೆ ಎಂಟು ಬೀಟ್ ದಾಟಿ ಇನ್ನೂ ಚೂರು ಹೆಚ್ಚು, ಹಾಗಾಗಿ ಮೊದಲ ಬದಲಾವಣೆಯೇ ತಾಳ ತಪ್ಪುತ್ತದೆ. ಅದನ್ನು 4.8 ಸೆಕೆಂಡಿಗೆ ಇಳಿಸಿ ನೋಡಿ: ಸರಿಯಾಗಿ ಎಂಟು ಬೀಟ್, ಆದಿತಾಳದ ಒಂದು ಆವರ್ತನದಲ್ಲಿ ಎಣಿಸುವಷ್ಟೇ. 4 ನಿಮಿಷದ ಹಾಡಿಗೆ 50 ಫೋಟೋ ಲೆಕ್ಕವಾಗಿ ಕೂರುತ್ತವೆ. ಒಂದು ಫೋಟೋ ಕರಗಿ ಇನ್ನೊಂದು ಮೂಡಲು 1 ಸೆಕೆಂಡ್ ಇಟ್ಟಿದ್ದರೆ, ಅದು ಬೀಟ್‌ಗಿಂತ ಅರ್ಧ ಸೆಕೆಂಡ್ ಮೊದಲೇ ಶುರುವಾಗಲಿ. ಆಗ ಬದಲಾವಣೆಯ ನಡುಮಧ್ಯ ಬೀಟಿನ ಮೇಲೇ ಬೀಳುತ್ತದೆ.

ಹೀಗೆ ಮಾಡಿದರೆ ಯಂತ್ರದಂತೆ ಕಾಣುವುದಿಲ್ಲವೇ ಎಂದು ಕೇಳಬಹುದು. ಎಲ್ಲಕ್ಕೂ ಎಂಟೇ ಬೀಟ್ ಕೊಟ್ಟರೆ ಖಂಡಿತ ಹಾಗೆ ಕಾಣುತ್ತದೆ. ಇಡೀ ಬಳಗ ನಿಂತ ಫೋಟೋದಲ್ಲಿ ಒಂದೊಂದೇ ಮುಖ ಹುಡುಕಲು ಹೊತ್ತು ಬೇಕು, ಅದಕ್ಕೆ ಹದಿನಾರು ಕೊಡಿ. ಒಂಟಿ ಮುಖಕ್ಕೆ ನಾಲ್ಕು ಸಾಕು. ಅವಧಿ ಬೇರೆಬೇರೆಯಾದರೂ ಬದಲಾವಣೆ ತಾಳದ ಮೇಲೇ ಉಳಿಯುತ್ತದೆ. ಇನ್ನು ಭಾವಗೀತೆಯಂಥ ಹಾಡಿನಲ್ಲಿ ಗಾಯಕರು ಅಲ್ಲಲ್ಲಿ ಲಯ ಎಳೆಯುತ್ತಾರೆ, ಅಲ್ಲಿ ಈ ಗುಣಾಕಾರ ನಡೆಯದು ಎಂಬ ಮಾತು ನಿಜ. ಅಂಥ ಹಾಡನ್ನು ಕೇಳುತ್ತಾ, ಪ್ರತಿ ಸಾಲು ಶುರುವಾಗುವ ಕಡೆ ಟೈಮ್‌ಲೈನ್‌ನಲ್ಲಿ ಗುರುತು ಹಾಕಿ, ಫೋಟೋಗಳನ್ನು ಅಲ್ಲಿಗೆ ಎಳೆದು ಕೂರಿಸಿ. ಎರಡೂ ದಾರಿಗೆ ಹಾಡು ಮೊದಲೇ ಗೊತ್ತಿರಬೇಕು, ಆದ್ದರಿಂದ ಫೋಟೋ ಜೋಡಿಸುವ ಮುಂಚೆ ಹಾಡನ್ನು ಆರಿಸಿಕೊಳ್ಳಿ.