ಕಳೆದ ನಾಣ್ಯ ಸಿಕ್ಕಿತು

ಪಾಪ ಮಾಡಿದವರನ್ನು ದೇವರು ದೂರ ತಳ್ಳುತ್ತಾನಾ? ಕ್ರೈಸ್ತರ ನಂಬಿಕೆ ಏನು? ತಿಳಿಯೋಣ ಬನ್ನಿ.

ಸುಮಾರು 2000 ವರ್ಷದ ಹಿಂದಿನ ಮಾತು. ಯೇಸು ಪಾಪಿಗಳ ಜೊತೆ ಕೂತು ಊಟ ಮಾಡುತ್ತಿದ್ದರು. ದೊಡ್ಡವರು ಅನಿಸಿಕೊಂಡವರು ಗೊಣಗಿದರು. ಆಗ ಯೇಸು ಕಥೆ ಹೇಳಿದರು. ಅದರಲ್ಲೊಂದು ಇದು. ಬೈಬಲಿನಲ್ಲಿ ಲೂಕನ ಪುಸ್ತಕದ 15ನೇ ಅಧ್ಯಾಯದಲ್ಲಿದೆ.

ಒಬ್ಬ ಹೆಂಗಸು. ಅವಳ ಹತ್ತಿರ 10 ಬೆಳ್ಳಿ ನಾಣ್ಯ. ಒಂದು ನಾಣ್ಯ ಅಂದರೆ ಸುಮಾರು ಒಂದು ದಿನದ ಕೂಲಿ. ಅದರಲ್ಲಿ ಒಂದು ಕಳೆದುಹೋಯ್ತು. ಇನ್ನೂ 9 ಇದೆಯಲ್ಲ, ಹೋಗಲಿ ಎಂದು ಅವಳು ಸುಮ್ಮನಿರಲಿಲ್ಲ. ದೀಪ ಹಚ್ಚಿದಳು. ಮನೆ ಗುಡಿಸಿದಳು. ಸಿಗೋ ತನಕ ಹುಡುಕಿದಳು. ಸಿಕ್ಕಿದಾಗ ನೆರೆಹೊರೆಯ ಹೆಂಗಸರನ್ನು ಕರೆದು ಸಂತೋಷಪಟ್ಟಳು.

ಇದರ ಅರ್ಥ ಏನು? ದೇವರಿಂದ ದೂರವಾಗಿ ಕಳೆದುಹೋಗುವುದೇ ಪಾಪ. ಸುಳ್ಳು, ಮೋಸ, ದ್ವೇಷ ನಮ್ಮನ್ನು ದೂರ ಒಯ್ಯುತ್ತವೆ. ಆದರೆ ಧೂಳಿನಲ್ಲಿ ಬಿದ್ದರೂ ಬೆಳ್ಳಿ ಬೆಳ್ಳಿಯೇ. ಅದರ ಬೆಲೆ ಕಮ್ಮಿಯಾಗಲ್ಲ. ಹಾಗೇ ತಪ್ಪು ಮಾಡಿದವರೂ ದೇವರಿಗೆ ಬೇಕಾದವರೇ. ಹುಡುಕಿ ಬರುವುದು ದೇವರ ಪ್ರೀತಿ. ಸಿಕ್ಕುವುದು ರಕ್ಷಣೆ.

ನಾಣ್ಯಕ್ಕೆ ಮನಸ್ಸಿಲ್ಲ. ಮನುಷ್ಯರಿಗೆ ಇದೆ. ಆದ್ದರಿಂದ ತಪ್ಪಿಗೆ ಮರುಗಿ ದೇವರ ಕಡೆ ತಿರುಗಬೇಕು. ಇದೇ ಪಶ್ಚಾತ್ತಾಪ. ನಮ್ಮೆಲ್ಲರ ಪಾಪಕ್ಕಾಗಿ ಯೇಸು ಶಿಲುಬೆಯ ಮೇಲೆ ಪ್ರಾಣ ಕೊಟ್ಟರು, ಮೂರನೇ ದಿನ ಎದ್ದು ಬಂದರು ಎಂದು ಕ್ರೈಸ್ತರು ನಂಬುತ್ತಾರೆ. ಗುಡ್ ಫ್ರೈಡೆ ಮತ್ತು ಈಸ್ಟರ್ ಇದರ ನೆನಪು.

ಅಕ್ಕಂದಿರೇ, ತಪ್ಪಿ ನಡೆದ ಹೆಣ್ಣನ್ನು ನಾವು ಕೆಟ್ಟವಳು ಎಂದು ದೂರ ಇಡುತ್ತೇವೆ. ಅವಳ ಬೆಲೆ ಹೋಯ್ತಾ? ಎಲ್ಲರೂ ಕೂತು ಮಾತಾಡೋಣ.