ಬ್ಯಾಟರಿ ಹ್ಯಾಮರ್ ಡ್ರಿಲ್: ಹಿಡಿಯುವ ಬಗೆ, ಕೊರೆಯುವ ಬಗೆ



ಬನಶಂಕರಿ ಅಮ್ಮನ ಗುಡಿಯ ಮುಂದೆ ಹಾದುಹೋಗುವ ಕನಕಪುರ ರಸ್ತೆ ನಿಮಗೆಲ್ಲ ಗೊತ್ತಿರುವುದೇ. ಕಗ್ಗಲೀಪುರ, ಹಾರೋಹಳ್ಳಿ, ಕನಕಪುರದ ಕಡೆಯ ಒಕ್ಕಲು ಮಂದಿ ದೇವಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಬಂದವರು, ಹಾಗೆಯೇ ಅಂಗಡಿ ಬೀದಿಗೆ ಹೋಗಿ ಮೊಳೆ, ಪೈಪು, ಜಾಲರಿ ಕೊಂಡು ಊರಿಗೆ ಹಿಂದಿರುಗುವುದುಂಟು. ಈಚೆಗೆ ಅವರ ಚೀಲಕ್ಕೆ ಇನ್ನೊಂದು ಸಾಮಾನು ಸೇರಿದೆ. ಅದೇ ಬ್ಯಾಟರಿಯಿಂದ ನಡೆಯುವ ಹ್ಯಾಮರ್ ಡ್ರಿಲ್. ತೋಟದ ಮನೆಯಲ್ಲಿ ಕರೆಂಟು ಇರಲಿ, ಇಲ್ಲದಿರಲಿ, ಇದು ಕೆಲಸ ಮಾಡುತ್ತದೆ. ಆದರೆ ಹಿಡಿಯುವ ಬಗೆ ತಿಳಿಯದೆ ಹೋದರೆ ಗೋಡೆಯೂ ಕೆಡುತ್ತದೆ, ಕೈಯೂ ಕೆಡುತ್ತದೆ.

ನಮ್ಮ ಕಡೆಯ ಒಂದು ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೇಷ್ಮೆಹುಳುವಿಗೆ ಊಜಿ ನೊಣ ಎಂಥ ಶತ್ರು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನೇ ತಿನ್ನುತ್ತದೆ. ಆದುದರಿಂದ ಸಾಕಣೆ ಮನೆಯ ಕಿಟಕಿಗೆಲ್ಲ ಜಾಲರಿ ಬೇಕು. ಜಾಲರಿಯ ಮರದ ಚೌಕಟ್ಟು ಗೋಡೆಗೆ ಸಂದಿಲ್ಲದೆ ಕೂರಬೇಕು. ತೂತು ಸೊಟ್ಟಗಾದರೆ ಚೌಕಟ್ಟು ಸೊಟ್ಟ. ಚೌಕಟ್ಟು ಸೊಟ್ಟಗಾದರೆ ನೊಣಕ್ಕೆ ಬಾಗಿಲು ತೆರೆದಂತೆ.

ಈಗ ಯಂತ್ರದ ವಿಷಯ. ಬಡಗಿಯ ಬೈರಿಗೆ ಬರೀ ತಿರುಗುತ್ತದೆ. ಕಲ್ಲುಕುಟಿಗ ಚಾಣವನ್ನು ಹೊಡೆಯುತ್ತಾನೆ, ಪ್ರತಿ ಪೆಟ್ಟಿಗೂ ಅದನ್ನು ಒಂದಿಷ್ಟು ತಿರುಗಿಸುತ್ತಾನೆ. ಹ್ಯಾಮರ್ ಡ್ರಿಲ್ ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳಿವೆ. ಅವು ಒಂದರ ಮೇಲೊಂದು ಉಜ್ಜಿ ಹಾರುವಾಗ ನಿಮಿಷಕ್ಕೆ 20,000ಕ್ಕೂ ಮಿಕ್ಕಿ ಸಣ್ಣ ಪೆಟ್ಟುಗಳು ಬೀಳಬಲ್ಲವು. ಪೆಟ್ಟು ಸಣ್ಣದು ಎಂಬುದನ್ನು ಮರೆಯಬೇಡಿ. ಇಟ್ಟಿಗೆ, ಸಿಮೆಂಟು ಇಟ್ಟಿಗೆ, ಗಾರೆಗೆ ಇದು ಸಾಕು. ಕಲ್ಲುಕಂಬಕ್ಕೋ ಕಲ್ಲಿನ ಕಿಟಕಿ ಕಟ್ಟಿಗೋ ಇದನ್ನು ಹಚ್ಚಿದರೆ ಬಿಟ್ಟಿನ ತುದಿ ಕೆಂಪಗೆ ಕಾದು ಹಾಳಾದೀತು. ಅದಕ್ಕೆ ಪಿಸ್ಟನ್ನಿನಿಂದ ಬಡಿಯುವ ರೋಟರಿ ಹ್ಯಾಮರ್ ಬೇರೆ ಇದೆ. ಅದನ್ನು ಬಾಡಿಗೆಗೆ ತನ್ನಿ. ಮಣ್ಣಿನ ಗೋಡೆಗಾದರೆ ಪೆಟ್ಟೇ ಬೇಡ, ಬರೀ ತಿರುಗಿಸಿದರೆ ಸಾಕು.

ಯಂತ್ರದ ಕತ್ತಿನಲ್ಲಿ ಗುರುತುಗಳಿವೆ. ಸುತ್ತಿಗೆಯ ಗುರುತು ಗೋಡೆಗೆ, ಬಿಟ್ಟಿನ ಗುರುತು ಮರಕ್ಕೆ ಮತ್ತು ಕಬ್ಬಿಣಕ್ಕೆ, ಅಂಕಿಗಳು ಸ್ಕ್ರೂ ಬಿಗಿಯಲು. ಒಬ್ಬ ಯಜಮಾನರು ನನ್ನನ್ನು ಕರೆದು, "ಸಾರ್, ಮಿಷಿನ್ನು ಸುತ್ತುತ್ತೆ, ಗೋಡೆಯೊಳಕ್ಕೆ ಮಾತ್ರ ಹೋಗೋದಿಲ್ಲ" ಎಂದರು. ನೋಡಿದರೆ ಬಿಟ್ಟು ಹಿಂದುಮುಂದಾಗಿ ತಿರುಗುತ್ತಿತ್ತು! ಕುದುರೆಯ ಪಕ್ಕದ ಗುಂಡಿಯನ್ನು ಒತ್ತಿ ದಿಕ್ಕು ಬದಲಿಸಿದ ಮೇಲೆ ಸರಾಗವಾಗಿ ಹೋಯಿತು. ಆದುದರಿಂದ ಮೊದಲು ದಿಕ್ಕು, ಆಮೇಲೆ ಗುರುತು, ಆಮೇಲೆ ಬಿಟ್ಟು ನೋಡಿಕೊಳ್ಳಿ. ಗೋಡೆಯ ಬಿಟ್ಟಿನ ತುದಿಯಲ್ಲಿ ಗಟ್ಟಿ ಲೋಹದ ಅಗಲವಾದ ತುಣುಕು ಇರುತ್ತದೆ. ಮರದ ಬಿಟ್ಟಿಗೆ ನಡುವೆ ಚೂಪು ಮೊನೆ ಇರುತ್ತದೆ. ಬಿಟ್ಟು ಬದಲಿಸುವಾಗ ಬ್ಯಾಟರಿಯನ್ನು ಕಳಚಿಡುವುದು ಕಡ್ಡಾಯ.

ಕೆಲಸಕ್ಕೆ ನಿಲ್ಲುವ ಮುನ್ನ ಉಡುಪು ನೋಡಿಕೊಳ್ಳಿ. ಹೆಗಲ ಮೇಲಿನ ಟವೆಲು ತೆಗೆದಿಡಿ, ಪಂಚೆ ಎತ್ತಿ ಕಟ್ಟಿ. ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ, ಜಡೆ ಕಟ್ಟಿ. ಸಡಿಲವಾದ ಬಟ್ಟೆಯ ಕೈಚೀಲ ಹಾಕಿಕೊಳ್ಳಬೇಡಿ. ತಿರುಗುವ ಬಿಟ್ಟು ಅದನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಎನ್-95 ಮುಸುಕು ಇರಲಿ. ಮರಳು, ಸಿಮೆಂಟಿನ ನುಣುಪು ಧೂಳು ಪುಪ್ಪುಸಕ್ಕೆ ಇಳಿದರೆ ಹಿಂದಕ್ಕೆ ಬರುವುದಿಲ್ಲ. ದಿನವೂ ಅಂಥ ಧೂಳು ಕುಡಿದವರಿಗೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ.

ಇನ್ನೊಂದು ಮುಖ್ಯ ಮಾತು. ಯಂತ್ರಕ್ಕೆ ತಂತಿ ಇಲ್ಲ ಅಂತ ಶಾಕ್ ಹೊಡೆಯುವುದಿಲ್ಲ ಎಂದು ತಿಳಿಯಬೇಡಿ. ಗೋಡೆಯೊಳಗಿನ ಕರೆಂಟು ತಂತಿಗೆ ಬಿಟ್ಟು ತಗುಲಿದರೆ ಪ್ರಾಣಕ್ಕೇ ಅಪಾಯ. ಸ್ವಿಚ್ಚಿನ ನೇರಕ್ಕೆ, ಮೇಲಾಗಲಿ, ಕೆಳಗಾಗಲಿ, ಅಕ್ಕಪಕ್ಕವಾಗಲಿ ಕೊರೆಯಬೇಡಿ. ಮೈನ್ ಆಫ್ ಮಾಡಿಯೇ ಕೆಲಸ ಹಿಡಿಯಿರಿ.

ಈಗ ಕೊರೆಯೋಣ. ಚೌಕಟ್ಟಿಗೆ ಮೊದಲು ಮರದ ಬಿಟ್ಟಿನಿಂದ ತೂತು ಮಾಡಿ, ಗೋಡೆಗಿಟ್ಟು ಪೆನ್ಸಿಲಿನಿಂದ ಗುರುತು ಹಾಕಿ. 6 ಮಿ.ಮೀ. ಪ್ಲಗ್ಗಿಗೆ 6 ಮಿ.ಮೀ. ಬಿಟ್ಟು. ಆಳ ಪ್ಲಗ್ಗಿಗಿಂತ ಅರ್ಧ ಸೆಂಟಿಮೀಟರಿನಷ್ಟು ಹೆಚ್ಚಿರಲಿ. ಆ ಅಳತೆಗೆ ಬಿಟ್ಟಿನ ಮೇಲೆ ಬಣ್ಣದ ಟೇಪು ಸುತ್ತಿ. ಗಟ್ಟಿ ನೆಲದ ಮೇಲೆ ನಿಲ್ಲಿ. ಡ್ರಮ್ಮಿನ ಮೇಲೆ ಹತ್ತಬೇಡಿ. ಒಂದು ಕೈ ಹಿಂದಿನ ಹಿಡಿಯಲ್ಲಿ, ಇನ್ನೊಂದು ಕೈ ಪಕ್ಕದ ಹಿಡಿಯಲ್ಲಿ. ಬಿಟ್ಟು ಎಲ್ಲಾದರೂ ಕಚ್ಚಿಕೊಂಡರೆ ಯಂತ್ರವೇ ಗಿರ್ರನೆ ತಿರುಗಿ ಮಣಿಕಟ್ಟು ಮುರಿದೀತು. ಮೊದಲು ಪೆಟ್ಟಿಲ್ಲದೆ ನಿಧಾನವಾಗಿ ಸಣ್ಣ ಕುಳಿ ಮಾಡಿ. ಯಂತ್ರ ನಿಲ್ಲಿಸಿ, ಸುತ್ತಿಗೆಯ ಗುರುತಿಗೆ ತಿರುಗಿಸಿ, ಮತ್ತೆ ಶುರು ಮಾಡಿ. ಒಂದೇ ಸಮನಾಗಿ ಒತ್ತಿ, ಮೈಭಾರ ಹಾಕಬೇಡಿ.

ನಡುನಡುವೆ ಬಿಟ್ಟನ್ನು ಹಿಂದಕ್ಕೆ ಎಳೆದು ಪುಡಿ ಹೊರಗೆ ಬೀಳಿಸಿ. ಪುಡಿ ಹೊರಬರದಿದ್ದರೆ ಎಂಥ ಯಂತ್ರವೂ ಸಿಕ್ಕಿಕೊಳ್ಳುತ್ತದೆ. 1971ರಲ್ಲಿ ಅಪೊಲೊ 15ರ ಯಾತ್ರಿಕರು ಚಂದ್ರನ ನೆಲ ಕೊರೆಯಲು ಬ್ಯಾಟರಿಯ ಡ್ರಿಲ್ಲನ್ನೇ ಒಯ್ದಿದ್ದರು. ಅಲ್ಲಿಯೂ ಕೊಳವೆಯ ಸುರುಳಿ ಗೆರೆ ಕೂಡುವಲ್ಲಿ ಮಣ್ಣು ಮೇಲೆ ಬರಲಾರದೆ ಕೊಳವೆ ಸಿಕ್ಕಿಕೊಂಡಿತು; ಇನ್ನೊಂದು ತೂತಿಗೆ ಇಳಿಸಿದ ಕೊಳವೆಯನ್ನು ಕಿತ್ತು ತೆಗೆಯಲು ಇಬ್ಬರು ಬಹಳ ಹೆಣಗಬೇಕಾಯಿತು. ನಿಮ್ಮ ಬಿಟ್ಟು ಸಿಕ್ಕಿಕೊಂಡರೆ ಕುದುರೆ ಬಿಟ್ಟು, ದಿಕ್ಕು ಹಿಂದಕ್ಕೆ ಮಾಡಿ, ಮೆಲ್ಲಗೆ ಹೊರತೆಗೆಯಿರಿ. ಒಳಗೆ ಕಬ್ಬಿಣ ಸಿಕ್ಕಿದರೆ ಜಗಳಾಡಬೇಡಿ, ಪಕ್ಕಕ್ಕೆ ಸರಿದು ಬೇರೆ ತೂತು ಕೊರೆಯಿರಿ. ತೂತಿನ ಧೂಳನ್ನು ಬಾಯಿಂದ ಊದಬೇಡಿ. ಸೈಕಲ್ ಪಂಪಿನಿಂದ ಊದಿ. ಆಮೇಲೆ ಪ್ಲಗ್ಗು ಹಾಕಿ, ಕಡಿಮೆ ಅಂಕಿಯಲ್ಲಿಟ್ಟು ಸ್ಕ್ರೂ ಬಿಗಿಯಿರಿ.

ಈ ಕೆಲಸವನ್ನೆಲ್ಲ ಗೂಡು ಬಿಡಿಸಿದ ಮೇಲೆ, ಸಾಕಣೆ ಮನೆಗೆ ಸೋಂಕುನಿವಾರಕ ಹೊಡೆಯುವುದಕ್ಕೆ ಮೊದಲೇ ಮುಗಿಸಬೇಕು. ಹುಳು ಇರುವಾಗ ಅಲ್ಲಿ ಧೂಳೆಬ್ಬಿಸಬಾರದು.

ಕಡೆಯದಾಗಿ ಬ್ಯಾಟರಿ. ಬಿಸಿಲಲ್ಲಿ ಬಿಡಬೇಡಿ, ಕೆಲಸ ಮಾಡಿ ಕಾದಿದ್ದಾಗ ಆರಿದ ಮೇಲೆಯೇ ಚಾರ್ಜಿಗೆ ಹಾಕಿ, ಅದರದೇ ಚಾರ್ಜರಿನಲ್ಲಿ. ಮೊಳೆ, ತಂತಿಯ ಚೀಲದಲ್ಲಿ ಬ್ಯಾಟರಿ ಹಾಕಬೇಡಿ. ಬಾಯಿಗೆ ಕಬ್ಬಿಣ ತಗುಲಿದರೆ ಬೆಂಕಿ ಹತ್ತೀತು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಹಾಕಬೇಡಿ, ಒಲೆಗೂ ಎಸೆಯಬೇಡಿ. ಕೆಲಸವಾದ ಮೇಲೆ ಕಳಚಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಬಡಿಯುವ ಕೆಲಸ ಯಂತ್ರದ್ದು, ನೆಟ್ಟಗೆ ಹಿಡಿಯುವ ಕೆಲಸ ನಮ್ಮದು. ಇಷ್ಟು ನೆನಪಿದ್ದರೆ ಚೌಕಟ್ಟು ಬಿಗಿಯಾಗಿ ಕೂರುತ್ತದೆ, ಕೈಕಣ್ಣು ಕ್ಷೇಮವಾಗಿರುತ್ತವೆ, ಹುಳುವೂ ಸುಖವಾಗಿ ಗೂಡು ಕಟ್ಟುತ್ತದೆ.