ಕಲ್ಲು ಕಥೆ ಹೇಳಲು ಕಲಿತ ಬಗೆ

ಕೆಳಗೆ ತುಂಬಿದ ಹೊಳೆ. ಮುಳುಗುತ್ತಿದ್ದವನನ್ನು ಬೆನ್ನಿಗೇರಿಸಿಕೊಂಡು ಜಿಂಕೆಯೊಂದು ಈಜುತ್ತಿದೆ. ಮೇಲೆ ರಾಜ ಅದೇ ಜಿಂಕೆಗೆ ಬಾಣ ಹೂಡಿದ್ದಾನೆ. ನಟ್ಟನಡುವೆ ಮತ್ತೆ ಅವನೇ, ಈ ಸಲ ಜಿಂಕೆಯ ಮುಂದೆ ಕೈಮುಗಿದು ನಿಂತಿದ್ದಾನೆ. ಒಂದೇ ಜಾತಕ ಕಥೆಯ, ಅಂದರೆ ಬುದ್ಧನ ಹಿಂದಿನ ಜನ್ಮದ ಕಥೆಯ, ಮೂರು ಗಳಿಗೆಗಳು, ಒಂದೇ ದುಂಡು ಚೌಕಟ್ಟು. ಅಲುಗದ ಕಲ್ಲಿನಲ್ಲಿ ಕಾಲವನ್ನು ನಡೆಸುವ ಈ ಉಪಾಯವನ್ನು ಕ್ರಿ.ಪೂ. 2ನೇ ಶತಮಾನದಲ್ಲೇ ಭಾರ್ಹುತ್‌ನ ಶಿಲ್ಪಿಗಳು ಕೈವಶ ಮಾಡಿಕೊಂಡಿದ್ದರು.

ಮಧ್ಯಪ್ರದೇಶದ ಸತ್ನಾ ಬಳಿಯ ಭಾರ್ಹುತ್ ಸ್ತೂಪವನ್ನು 1873ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಗುರುತಿಸುವ ಹೊತ್ತಿಗೆ ಊರವರು ಅದರ ಕಲ್ಲುಗಳನ್ನು ಮನೆ ಕಟ್ಟಲು ಒಯ್ದಿದ್ದರು. ಉಳಿದ ಕಟಕಟೆಯ ಹೆಚ್ಚಿನ ಭಾಗ ಇಂದು ಕೋಲ್ಕತ್ತದ ವಸ್ತುಸಂಗ್ರಹಾಲಯದಲ್ಲಿದೆ. ಕಂಬಕ್ಕೆ ಕಿಂಡಿ ಕೊರೆದು ಅಡ್ಡಪಟ್ಟಿ ತೂರಿಸಿದ ಅದರ ಜೋಡಣೆ ಅಪ್ಪಟ ಬಡಗಿಯ ಕೆಲಸ. ಮರ ಹೋಗಿ ಕಲ್ಲು ಬಂದರೂ ಕೈ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

ನೋಡುವವರಿಗೆ ಕಥೆ ತಿಳಿದೀತೇ ಎಂಬ ಅಳುಕೂ ಇತ್ತೇನೋ, ದೃಶ್ಯಗಳ ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ಹೆಸರು ಕೊರೆದರು. ಜೇತವನವೆಂಬ ಉದ್ಯಾನದ ದಾನವನ್ನು ತೋರುವ ಶಿಲ್ಪವನ್ನೇ ನೋಡಿ. ನಾಣ್ಯ ಹೊತ್ತು ತಂದ ಗಾಡಿಯ ಎತ್ತುಗಳು ನೊಗ ಕಳಚಿಕೊಂಡು ಮಲಗಿವೆ. ಆಳುಗಳು ಚೌಕನೆಯ ನಾಣ್ಯಗಳನ್ನು ನೆಲದ ಮೇಲೆ ಒತ್ತೊತ್ತಾಗಿ ಹಾಸುತ್ತಿದ್ದಾರೆ. ಹಾಗೆ ನಾಣ್ಯ ಹಾಸಿ ಉದ್ಯಾನವನ್ನು ಕೊಂಡ ವರ್ತಕ ಅನಾಥಪಿಂಡಿಕ ನೀರಿನ ಗಿಂಡಿ ಹಿಡಿದು ದಾನಕ್ಕೆ ನಿಂತಿದ್ದಾನೆ. ದಾನ ಪಡೆಯಬೇಕಾದ ಬುದ್ಧ ಮಾತ್ರ ಕಾಣುವುದಿಲ್ಲ. ಭಾರ್ಹುತ್‌ನಲ್ಲಿ ಅವನಿಗೆ ರೂಪವಿಲ್ಲ. ಬೋಧಿವೃಕ್ಷ, ಬರಿದಾದ ಪೀಠ, ಹೆಜ್ಜೆಗುರುತುಗಳೇ ಅವನು.

ಸಾಂಚಿಗೆ ಬಂದರೆ ಅಳುಕು ಹೋಗಿದೆ. ಕಥೆಗಳಿಗೆ ಹೆಸರು ಕೊರೆಯುವ ಗೊಡವೆಗೇ ಅಲ್ಲಿಯವರು ಹೋಗಿಲ್ಲ; ಬರೆದದ್ದೆಲ್ಲ ಬಹುಪಾಲು ದಾನಿಗಳ ಹೆಸರು. ದಕ್ಷಿಣ ತೋರಣದ ಕೆತ್ತನೆಯೊಂದು ವಿದಿಶೆಯ ದಂತದ ಕುಶಲಕರ್ಮಿಗಳದ್ದೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಸಾಂಚಿಯ ಜನಜಂಗುಳಿಯಲ್ಲಿ ಕಾಣುವ ಸೂಕ್ಷ್ಮ ಕೆಲಸ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ನಮ್ಮ ಭೀಮಾ ತೀರದ ಶಿಲ್ಪಿಗಳು ಹೆಸರು ಬರೆಯುವ ರೂಢಿಯನ್ನು ಬಿಡಲಿಲ್ಲ. ನಮ್ಮ ಪುಣ್ಯ! 1986ರಲ್ಲಿ ಅದೇ ತೀರದ ಸನ್ನತಿಯ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ನಿಲ್ಲಿಸಲು ಅಕ್ಷರಗಳ ನಡುವೆಯೇ ಗೂಡು ಕೊರೆದಿದ್ದರು. ಮುಂದೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಕುಸಿದುಬಿದ್ದಿದ್ದ ಮಹಾಸ್ತೂಪವೇ ಸಿಕ್ಕಿತು. ಶಹಾಬಾದ್ ಕಲ್ಲಿನ ಸೀಮೆ ಅದು. ಸುಣ್ಣದಕಲ್ಲಿನ ಎತ್ತರದ ಚಪ್ಪಡಿಗಳಲ್ಲಿ ಮಣಿಸರ, ಮುಂಡಾಸಿನ ಮಡಿಕೆಗಳೂ ಎದ್ದು ಕಾಣುತ್ತವೆ.

ಅಂಥದೊಂದು ಚಪ್ಪಡಿಯಲ್ಲಿ ರಾಣಿಯೊಡನೆ ನಿಂತ ರಾಜ, ಹಿಂದೆ ಕೊಡೆ, ಚಾಮರ ಹಿಡಿದ ಸೇವಕಿಯರು. ಜೊತೆಗೆ 'ರಾಯೋ ಅಸೋಕೋ' ಎಂಬ ಬರಹ. ಅದಿಲ್ಲದಿದ್ದರೆ ಇವನೂ ಹತ್ತರಲ್ಲಿ ಹನ್ನೊಂದನೆಯ ರಾಜನಾಗುತ್ತಿದ್ದ. ಅಶೋಕ ಸತ್ತು ಶತಮಾನಗಳ ಮೇಲೆ ಕಡೆದದ್ದರಿಂದ ಮುಖಚಹರೆ ನಂಬುವಂತಿಲ್ಲ, ಹೆಸರನ್ನು ನಂಬಬಹುದು.

ನನಗೆ ಇದಕ್ಕಿಂತ ಹೆಚ್ಚಿನದೆನಿಸುವುದು ಅಲ್ಲಿಯ ಸಾತವಾಹನರ ಚಪ್ಪಡಿಗಳು. ಒಂದರಲ್ಲಿ ರಾಜ ಸಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ. ಇನ್ನೊಂದರಲ್ಲಿ ಪುಳುಮಾವಿ ಅಜಯತ ಎಂಬವನಿಗೆ ಉಜ್ಜಯಿನಿಯನ್ನೇ ಕೊಡುತ್ತಿದ್ದಾನೆ. ಜಾತಕ ಕಥೆ ಹೇಳಲು ಹುಟ್ಟಿದ ಕಲೆ ಅಷ್ಟರಲ್ಲಿ ರಾಜ್ಯದ ವರ್ತಮಾನವನ್ನೂ ವರದಿ ಮಾಡತೊಡಗಿತ್ತು.